ಕೂಲಿ ಅಂದ್ರೆ ಯಾವ ಕೂಲಿ? ಕೆಮ್ಮಣ್ಣುಗುಂಡಿ ಧೂಳಿನಿಂದ ಡಯಾಲಿಸಿಸ್ ಮಂಚದವರೆಗೆ ಒಂದು ಇತಿಹಾಸ



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಓದಿದ ಮೇಲೆ ನಿಮ್ಮ ಕೇರಿಯ ವಾಟ್ಸಾಪ್ ಗ್ರೂಪಿಗೂ ಹಾಕಿ.

ನಮ್ಮ ತರೀಕೆರೆ, ಕಡೂರು, ಅಜ್ಜಂಪುರ ಸೀಮೆಯ ಇತಿಹಾಸ ಬರೆಯೋರಿಗೆ ಬರ ಇಲ್ಲ. ತರೀಕೆರೆ ಪಾಳೇಗಾರರು, ಅಮೃತಾಪುರದ ಹೊಯ್ಸಳ ದೇವಸ್ಥಾನ, ಅಜ್ಜಂಪುರದ ಅಮೃತಮಹಲ್ ದನ, ಕೆಮ್ಮಣ್ಣುಗುಂಡಿಯ ಹೂದೋಟ, ಎಲ್ಲದರ ಮೇಲೂ ಪುಸ್ತಕ ಇದೆ, ಬೋರ್ಡ್ ಇದೆ. ನಾನಿಲ್ಲಿ ಬರೀತಿರೋದು ಧೂಳು ಮತ್ತು ಹೊಗೆಯ ಇತಿಹಾಸ. ಅದಕ್ಕೆ ಬೋರ್ಡ್ ಇಲ್ಲ. ಅದು ಬರೆದಿರೋದು ನಮ್ಮವರ ಶ್ವಾಸಕೋಶದಲ್ಲಿ, ರಕ್ತನಾಳದಲ್ಲಿ, ಕಿಡ್ನಿಯಲ್ಲಿ.

ಕಿಡ್ನಿ ಅಂದ ಕೂಡಲೇ ಕೆಲವರಿಗೆ ಅನುಮಾನ ಬರುತ್ತೆ. ಧೂಳಿಗೂ ಕೆಮ್ಮಿಗೂ ಸಂಬಂಧ, ಅದು ಸರಿ. ಧೂಳಿಗೂ ಕಿಡ್ನಿಗೂ ಏನು ಸಂಬಂಧ? ಇರೋ ಸಂಬಂಧವನ್ನೇ ಹೇಳೋಕೆ ಹೊರಟಿದ್ದೀನಿ.

ನಮ್ಮ ಮನೆಯವರೊಬ್ಬರನ್ನು ಕರ್ಕೊಂಡು ನಾನು ಆಸ್ಪತ್ರೆಗಳನ್ನು ಸುತ್ತಿದ್ದೀನಿ. ಹೋದ ಕಡೆಯೆಲ್ಲ ಕೇಳಿದ್ದು ಅದೇ ನಾಲ್ಕು ಪ್ರಶ್ನೆ. ಶುಗರ್ ಇದೆಯಾ? ಬಿಪಿ ಇದೆಯಾ? ಕುಡೀತಾರಾ? ಬೀಡಿ ಸೇದ್ತಾರಾ? ಚೀಟಿಯಲ್ಲಿ ಕಸುಬು ಅನ್ನೋ ಜಾಗದಲ್ಲಿ ಒಂದೇ ಪದ ಬರೆದಿದ್ರು: ಕೂಲಿ. ಕೂಲಿ ಅಂದ್ರೆ ಯಾವ ಕೂಲಿ? ಕಲ್ಲು ಒಡೆಯೋ ಕೂಲಿನಾ, ಇದ್ದಿಲು ಸುಡೋ ಕೂಲಿನಾ, ಅಡಿಕೆ ಬೇಯಿಸೋ ಕೂಲಿನಾ, ಚರಂಡಿ ಎತ್ತೋ ಕೂಲಿನಾ? ಎಷ್ಟು ವರ್ಷ? ಯಾರೂ ಕೇಳಲಿಲ್ಲ. ಆ ಒಂದು ಪದದೊಳಗೆ ಒಬ್ಬ ಮನುಷ್ಯನ ಮೂವತ್ತು ವರ್ಷದ ಧೂಳನ್ನು ಹೂತು ಹಾಕಿದ್ರು.

ಈ ಪ್ರಶ್ನೆ ಕೇಳಬೇಕು ಅನ್ನೋದು ನನ್ನ ಸಂಶೋಧನೆ ಏನಲ್ಲ. ಅದಕ್ಕೆ ಮುನ್ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. 1700ರಲ್ಲಿ ಇಟಲಿಯ ಮೊಡೆನಾ ಊರಿನ ಬರ್ನಾರ್ಡಿನೋ ರಮಾಝಿನಿ ಎಂಬ ವೈದ್ಯ, ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ರೋಗಿಗೆ ಕೇಳುವ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿ, ಅವನು ಏನು ಕೆಲಸ ಮಾಡ್ತಾನೆ ಅಂತಲೂ ಕೇಳಿ ಎಂದು ವೈದ್ಯರಿಗೆ ಹೇಳಿದವನು ಅವನೇ. ಅವನಿಗೆ ಈ ಯೋಚನೆ ಬಂದಿದ್ದು ಹೇಗೆ ಗೊತ್ತಾ? ಅವನ ಮನೆಯ ಮಲದ ಗುಂಡಿ ಖಾಲಿ ಮಾಡೋಕೆ ಬಂದಿದ್ದ ಒಬ್ಬ ಕೆಲಸಗಾರನನ್ನು ನೋಡಿ. ಆ ಮನುಷ್ಯ ಅವಸರವಸರವಾಗಿ ಕೆಲಸ ಮಾಡ್ತಿದ್ದ. ಯಾಕೆ ಅಂತ ಕೇಳಿದಾಗ, ಈ ಗುಂಡಿಯಲ್ಲಿ ಹೆಚ್ಚು ಹೊತ್ತು ಇದ್ರೆ ಕಣ್ಣು ಹೋಗುತ್ತೆ ಎಂಬ ಅರ್ಥದ ಮಾತು ಹೇಳಿದ. ಅಲ್ಲಿಂದ ಶುರುವಾಯ್ತು ಇವತ್ತು ಔದ್ಯೋಗಿಕ ಆರೋಗ್ಯ ಅಂತ ಕರೆಯೋ ವಿದ್ಯೆ.

ಅಂದ್ರೆ ಇಡೀ ಒಂದು ವೈದ್ಯಶಾಸ್ತ್ರದ ಗುರು ಒಬ್ಬ ಮಲ ಎತ್ತುವ ಮನುಷ್ಯ. ನಮ್ಮ ದೇಶದಲ್ಲಿ ಆ ಕೆಲಸವನ್ನು ಜಾತಿಗೆ ಕಟ್ಟಿ ಹಾಕಿದ್ರು. ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸೋಕೆ 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ಬರಬೇಕಾಯ್ತು. ಮೊಡೆನಾದ ವೈದ್ಯನಿಗೆ ಕಂಡ ಮನುಷ್ಯ ನಮ್ಮ ವೈದ್ಯರಿಗೆ ಯಾಕೆ ಕಾಣಲಿಲ್ಲ ಅನ್ನೋದಕ್ಕೆ ಬೇರೆ ಉತ್ತರ ಬೇಕಾ?

*

ಈಗ ಧೂಳು ಕಿಡ್ನಿಗೆ ಹೋಗೋ ದಾರಿ ನೋಡೋಣ. ಡಾಕ್ಟರ ಭಾಷೆ ಬಿಟ್ಟು ನಮ್ಮ ಭಾಷೆಯಲ್ಲೇ ಹೇಳ್ತೀನಿ.

ನಮ್ಮ ಎರಡು ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ನೀರಿನಂಶವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ರಕ್ತಕ್ಕೆ ವಾಪಸ್ ಕೊಟ್ಟು ಒಂದೂವರೆ ಎರಡು ಲೀಟರಷ್ಟನ್ನು ಮೂತ್ರವಾಗಿ ಹೊರಗೆ ಹಾಕುತ್ತವೆ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಹತ್ತಿರಹತ್ತಿರ ಐದನೇ ಒಂದು ಭಾಗ ಇವೆರಡಕ್ಕೇ ಹೋಗುತ್ತೆ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳಿವೆ. ಆ ಜರಡಿ ಅಂದ್ರೆ ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆ. ರಕ್ತದೊಳಗೆ ಏನು ಕೆಟ್ಟದ್ದು ಸೇರಿದ್ರೂ ಮೊದಲು ಏಟು ತಿನ್ನೋದು ಈ ಜರಡಿ.

ಗಾಳಿಯಲ್ಲಿರೋ ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತೆ. ಉಗುಳಿದ್ರೆ ಹೋಯ್ತು. 2.5 ಮೈಕ್ರಾನ್‌ಗಿಂತ ಸಣ್ಣ ಕಣ ಇದೆಯಲ್ಲ, ಪಿಎಂ 2.5 ಅಂತಾರೆ, ಅದು ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು. ಅದು ಶ್ವಾಸಕೋಶದ ಕೊನೇ ಗೂಡಿನವರೆಗೆ ಹೋಗುತ್ತೆ. ಅಲ್ಲಿ ದೇಹ ಅದರ ಜೊತೆ ಜಗಳಕ್ಕೆ ನಿಲ್ಲುತ್ತೆ, ಆ ಜಗಳದ ಉರಿ ರಕ್ತದಲ್ಲಿ ಹರಿದು ಮೈಯೆಲ್ಲ ಹರಡುತ್ತೆ. ಅತಿ ಸಣ್ಣ ಕಣಗಳು ಸೀದಾ ರಕ್ತಕ್ಕೇ ದಾಟಬಲ್ಲವು. ಬಿಪಿ ಏರುತ್ತೆ, ರಕ್ತನಾಳ ಗಡುಸಾಗುತ್ತೆ. ಹೊಗೆ ಧೂಳಿನ ಜೊತೆ ಸೀಸ, ಕ್ಯಾಡ್ಮಿಯಂ ಬಂದ್ರೆ ಅವು ಕಿಡ್ನಿಗೆ ನೇರ ವಿಷ.

ಇದೆಲ್ಲ ಊಹೆ ಅಲ್ಲ. ಅಮೆರಿಕದಲ್ಲಿ ಸುಮಾರು 25 ಲಕ್ಷ ಮಾಜಿ ಸೈನಿಕರ ದಾಖಲೆಗಳನ್ನು ವರ್ಷಗಟ್ಟಲೆ ನೋಡಿದ ಅಧ್ಯಯನ 2018ರಲ್ಲಿ ಬಂತು. ಅವರವರ ಊರಿನ ಗಾಳಿಯಲ್ಲಿ ಪಿಎಂ 2.5 ಹೆಚ್ಚಿದ್ದಷ್ಟೂ ಕಿಡ್ನಿ ಕಾಯಿಲೆ ಶುರುವಾಗೋ ಅಪಾಯವೂ, ಅದು ಡಯಾಲಿಸಿಸ್ ಹಂತಕ್ಕೆ ಮುಟ್ಟೋ ಅಪಾಯವೂ ಹೆಚ್ಚಿತ್ತು. ಚೀನಾದಲ್ಲಿ 70 ಸಾವಿರಕ್ಕೂ ಹೆಚ್ಚು ಕಿಡ್ನಿ ಬಯಾಪ್ಸಿಗಳನ್ನು ನೋಡಿದವರು 2016ರಲ್ಲಿ ಹೇಳಿದ್ದೂ ಇದೇ ದಿಕ್ಕಿನ ಮಾತು. ಗಾಳಿ ಕೆಟ್ಟ ನಗರಗಳಲ್ಲಿ, ಜರಡಿಯ ಪೊರೆ ದಪ್ಪಗಾಗಿ ಪ್ರೋಟೀನ್ ಸೋರುವ ಒಂದು ಬಗೆಯ ಕಿಡ್ನಿ ಕಾಯಿಲೆ ಹೆಚ್ಚು.

ಇನ್ನು ಕಲ್ಲಿನ ಧೂಳು. ಬೆಣಚುಕಲ್ಲು ಪುಡಿಯಾದಾಗ ಹಾರುವ ಸಿಲಿಕಾ. ಇದರಿಂದ ಬರೋ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಎಲ್ಲರಿಗೂ ಗೊತ್ತು. ಅದೇ ಸಿಲಿಕಾ ಕಿಡ್ನಿಯನ್ನೂ ಹಾಳು ಮಾಡುತ್ತೆ ಅಂತ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2016ರ ತನ್ನ ಸಿಲಿಕಾ ನಿಯಮದಲ್ಲೇ ಒಪ್ಪಿಕೊಂಡಿದೆ. ಧೂಳಿನ ಮಿತಿಯನ್ನು ಇಳಿಸೋಕೆ ಕೊಟ್ಟ ಕಾರಣಗಳಲ್ಲಿ ಕಿಡ್ನಿ ಕಾಯಿಲೆಯೂ ಒಂದು.

*

ಈಗ ನಮ್ಮ ಊರಿಗೆ ಬರೋಣ.

ಕೆಮ್ಮಣ್ಣುಗುಂಡಿ ಅಂದ್ರೆ ಈಗ ಪ್ರವಾಸಿಗಳಿಗೆ ಮಂಜು, ಗುಲಾಬಿ, ಝಡ್ ಪಾಯಿಂಟ್. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಂಗುದಾಣ, ಕೆ.ಆರ್. ಗಿರಿಧಾಮ. ಆದ್ರೆ ಹೆಸರನ್ನೇ ಬಿಡಿಸಿ ನೋಡಿ: ಕೆಂಪು ಮಣ್ಣಿನ ಗುಂಡಿ. ಅದು ಕಬ್ಬಿಣದ ಅದಿರಿನ ಗಣಿ. ಬಾಬಾಬುಡನ್ ಗಿರಿಸಾಲಿನ ಆ ಕಲ್ಲಿನಲ್ಲಿ ಕಬ್ಬಿಣದ ಪಟ್ಟೆಗಳ ನಡುವೆ ಬೆಣಚುಕಲ್ಲಿನ ಪಟ್ಟೆಗಳು ಇವೆ. ಕಬ್ಬಿಣ ಬೇಕು ಅಂತ ಒಡೆದರೆ ಸಿಲಿಕಾ ಜೊತೆಗೇ ಏಳುತ್ತೆ.

ಈ ಗಣಿಯನ್ನು ನಂಬಿಕೊಂಡೇ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿತು. ಕೆಲಸ ಶುರುವಾಗಿದ್ದು 1918ರಲ್ಲಿ, ಕಬ್ಬಿಣ ಹೊರಗೆ ಬಂದಿದ್ದು 1923ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಎಲ್ಲರಿಗೂ ಗೊತ್ತು, ಕಾರ್ಖಾನೆಗೇ ಅವರ ಹೆಸರು ಬಂತು. ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತೂಗಾಡಿಕೊಂಡು ನಮ್ಮ ತರೀಕೆರೆ ತಾಲೂಕಿನ ತಣಿಗೆಬೈಲಿಗೆ ಇಳೀತಿತ್ತು. ಅಲ್ಲಿಂದ ಟ್ರಾಮ್ ಹಳಿ ಮೇಲೆ ಭದ್ರಾವತಿಗೆ. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕಾರ್ಖಾನೆ ಬರೋದಕ್ಕೆ ಮೊದಲೇ ಇದ್ದ ಹೆಸರು ಅದು, ಆದ್ರೂ ಎಷ್ಟು ಸರಿಯಾಗಿ ಕೂತಿದೆ ನೋಡಿ.

ಆ ಬೆಂಕಿಗೆ ಕಲ್ಲಿದ್ದಲು ಇರಲಿಲ್ಲ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಸಿಗಲ್ಲ. ಹಾಗಾಗಿ ಮಲೆನಾಡಿನ ಕಾಡು ಕಡಿದು, ಸೌದೆ ಮಾಡಿ, ಇದ್ದಿಲು ಸುಟ್ಟು ಆ ಇದ್ದಿಲಿನಲ್ಲಿ ಅದಿರು ಕರಗಿಸಿದ್ರು. ಅಷ್ಟೇ ಅಲ್ಲ. ಸೌದೆ ಇದ್ದಿಲಾಗುವಾಗ ಬರೋ ಹೊಗೆಯನ್ನು ಗಾಳಿಗೆ ಬಿಡದೆ ಹಿಡಿದು, ತಣಿಸಿ, ಅದರಿಂದ ಟಾರು, ಮರದ ಸ್ಪಿರಿಟ್ಟು, ಅಸಿಟಿಕ್ ಆಮ್ಲಕ್ಕೆ ಬೇಕಾದ ಸುಣ್ಣದ ಉಪ್ಪು ತೆಗೆದು ಮಾರ್ತಿದ್ರು. ಆ ಕಾಲಕ್ಕೆ ಅದು ದೊಡ್ಡ ಹೆಗ್ಗಳಿಕೆ.

ಇಲ್ಲಿ ನಿಂತು ಸ್ವಲ್ಪ ಯೋಚನೆ ಮಾಡಿ. ಕೊಳವೆಯೊಳಗೆ ಹೋದ ಹೊಗೆಗೆ ಲೆಡ್ಜರ್ ಇತ್ತು. ಎಷ್ಟು ಟಾರು, ಎಷ್ಟು ಸ್ಪಿರಿಟ್ಟು, ಎಷ್ಟು ರೂಪಾಯಿ ಅಂತ ಬರೆದು ಇಡ್ತಿದ್ರು. ಕುಲುಮೆ ಮುಂದೆ, ಸೌದೆ ರಾಶಿ ಪಕ್ಕ, ಗಣಿಯ ಬಾಯಲ್ಲಿ ನಿಂತವನ ಎದೆಯೊಳಗೆ ಹೋದ ಹೊಗೆಗೆ, ಧೂಳಿಗೆ ಯಾವ ಲೆಡ್ಜರ್ ಇತ್ತು?

ಆ ನಿಂತವರು ಯಾರು ಅಂತ ನಮಗೆ ಬೇರೆ ಹೇಳಬೇಕಿಲ್ಲ. ಮಲೇರಿಯಾ ಇದ್ದ ಆ ಕಾಡಿಗೆ ಕೊಡಲಿ ಹಿಡ್ಕೊಂಡು, ಬುಟ್ಟಿ ಹೊತ್ಕೊಂಡು ಹೋದವರು ಭೂಮಿ ಇಲ್ಲದವರು. ನಮ್ಮ ಬಯಲುಸೀಮೆಯ ಹೊಲೆಮಾದಿಗರ ಕೇರಿಗಳಿಂದ, ವಡ್ಡರ ಹಟ್ಟಿಗಳಿಂದ, ತಮಿಳು ಸೀಮೆಯಿಂದ ಬಂದವರು. ಗದ್ದೆ ತೋಟ ಇದ್ದವನು ಯಾಕೆ ಹೋಗ್ತಾನೆ? ಜಾತಿ ಹೊಲ ಹಂಚುವಾಗ ನಮ್ಮನ್ನು ಮರೀತು, ಧೂಳು ಹಂಚುವಾಗ ನಮ್ಮನ್ನು ನೆನಪಿಟ್ಕೊಂಡಿತು.

ಒಂದು ಮಾತು ಸೇರಿಸಲೇಬೇಕು. ಅದೇ ಭದ್ರಾವತಿ ನಮಗೆ ಬೇರೆ ಇನ್ನೊಂದನ್ನೂ ಕೊಟ್ಟಿದೆ. 1970ರ ದಶಕದಲ್ಲಿ ಅಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ಸಂಗಾತಿಗಳ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು ಅಲ್ಲೇ. ಕಾರ್ಖಾನೆ ಊರಿನಲ್ಲಿ ಸಂಘಟನೆ ಹುಟ್ಟಿದ್ದು ಆಕಸ್ಮಿಕ ಅಂತ ನಾನಂತೂ ಅಂದುಕೊಂಡಿಲ್ಲ. ತಿಂಗಳ ಸಂಬಳ ಕಂಡ ಮೇಲೆ ಊರ ಗೌಡರ ಮುಂದೆ ಬಗ್ಗಿ ನಿಲ್ಲೋದು ತಪ್ಪಿತು. ಹೊಗೆ ಕುಡಿದ ಊರೇ ನೆಟ್ಟಗೆ ನಿಲ್ಲೋದನ್ನೂ ಕಲಿಸಿತು. ಅದಕ್ಕೇ ಕಾರ್ಖಾನೆ ಬೇಡ ಅನ್ನೋ ಮಾತು ನಾನು ಆಡೋದಿಲ್ಲ. ಕೆಲಸ ಬೇಕು. ಧೂಳಿನ ಲೆಕ್ಕವೂ ಬೇಕು.

*

ಧೂಳಿನ ಲೆಕ್ಕವನ್ನು ಒಂದು ಸಲವಾದ್ರೂ ಇಟ್ಟ ಜಾಗ ನಮ್ಮ ರಾಜ್ಯದಲ್ಲೇ ಇದೆ. ಕೋಲಾರ ಚಿನ್ನದ ಗಣಿ, ಕೆಜಿಎಫ್.

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಮೇಲೆ ಭೂಮಿಯೊಳಗೆ ಇಳಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಹೋಯ್ತು. ಚಿನ್ನ ಇದ್ದಿದ್ದು ಬೆಣಚುಕಲ್ಲಿನೊಳಗೆ. ಡ್ರಿಲ್ಲು ಹಾಕಿದ್ರೆ ಸಿಲಿಕಾ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು ಅಂತ ಹೆಮ್ಮೆಯಿಂದ ಪಾಠ ಮಾಡ್ತಾರಲ್ಲ, ಆ ಕರೆಂಟ್ ಬೆಂಗಳೂರಿಗಿಂತ ಮೊದಲು ಹೋಗಿದ್ದು ಅಲ್ಲಿಗೆ. ಅದರ ಜೊತೆ ಯಂತ್ರ ಬಂತು, ಯಂತ್ರದ ಜೊತೆ ನುಣ್ಣನೆ ಧೂಳು ಬಂತು.

1947ರಲ್ಲಿ ಕೆಜಿಎಫ್ ಕಾರ್ಮಿಕರ ಸಿಲಿಕೋಸಿಸ್ ಸಮೀಕ್ಷೆಯ ವರದಿ ಬಂತು. ಭಾರತದಲ್ಲಿ ಈ ಕಾಯಿಲೆಯ ಚರಿತ್ರೆ ಬರೆಯೋರೆಲ್ಲ ಅಲ್ಲಿಂದಲೇ ಶುರು ಮಾಡ್ತಾರೆ. ಏಳು ಸಾವಿರಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಸಿಕ್ಕಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಮ್ಮವರ ಎದೆಯ ಸ್ಥಿತಿ ಇದು.

ಆದ್ರೆ ನೋಡಿದ್ದು ಎದೆಯನ್ನು. ಎದೆಯ ಎಕ್ಸ್-ರೇ ಕಿಡ್ನಿಯನ್ನು ತೋರಿಸಲ್ಲ.

ಕಿಡ್ನಿಯನ್ನು ಹೇಗೆ ನೋಡಬೇಕು ಅಂತ ತೋರಿಸಿದ್ದು ಇನ್ನೊಂದು ಚಿನ್ನದ ಗಣಿ. ಅಮೆರಿಕದ ಸೌತ್ ಡಕೋಟಾ ರಾಜ್ಯದ ಹೋಮ್‌ಸ್ಟೇಕ್. ಅಲ್ಲಿ ಕೆಲಸ ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಗಣಿಗಾರರ ಹಾಜರಿ ಪಟ್ಟಿ ಇತ್ತು. ದೇಶದಲ್ಲಿ ಸರ್ಕಾರದ ದುಡ್ಡಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳೋರ ಪಟ್ಟಿಯೂ ಇತ್ತು. ಸಂಶೋಧಕರು ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ಹೆಸರು ತಾಳೆ ನೋಡಿದ್ರು, ಅಷ್ಟೇ. 1997ರಲ್ಲಿ ಫಲಿತಾಂಶ ಬಂತು: ಇರಬೇಕಾದ್ದಕ್ಕಿಂತ ಹೆಚ್ಚು ಜನರ ಕಿಡ್ನಿ ಹೋಗಿತ್ತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಭೂಮಿಯೊಳಗೆ ದುಡಿದವರಲ್ಲಿ ಅಪಾಯ ಇನ್ನೂ ಜಾಸ್ತಿ.

ಎರಡು ಪಟ್ಟಿ. ಕೋಟಿಗಟ್ಟಲೆ ರೂಪಾಯಿಯ ಯಂತ್ರ ಏನಲ್ಲ.

ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಗಣಿ ಮುಚ್ಚಿದ್ರೂ ಧೂಳು ಮುಚ್ಚಲಿಲ್ಲ. ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬಗಳು ಬೆಟ್ಟದಂತೆ ಹಾಗೇ ನಿಂತಿವೆ. ಗಾಳಿ ಬೀಸಿದಾಗಲೆಲ್ಲ ಆ ಬಿಳಿ ಪುಡಿ ಕಾರ್ಮಿಕರ ಲೈನ್ ಮನೆಗಳ ಮೇಲೆ ಬೀಳುತ್ತೆ. ಅಜ್ಜ ಗಣಿಯೊಳಗೆ ಉಸಿರಾಡಿದ್ದನ್ನು ಮೊಮ್ಮಗಳು ಅಂಗಳದಲ್ಲಿ ಉಸಿರಾಡ್ತಾಳೆ.

*

ಈಗ ಕಾನೂನಿನ ಕಥೆ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ, ನಮಗೆ ಕೆಲಸಕ್ಕೆ ಬರೋದು ಇಲ್ಲೇ ಇದೆ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ರು. ಅಂದ್ರೆ ಇವತ್ತಿನ ಲೆಕ್ಕದಲ್ಲಿ ಕಾರ್ಮಿಕ ಮಂತ್ರಿ. 1943ರ ಡಿಸೆಂಬರಿನಲ್ಲಿ ಧನ್‌ಬಾದಿನ ಕಲ್ಲಿದ್ದಲು ಗಣಿಗಳಿಗೆ ತಾವೇ ಹೋಗಿ ನೋಡಿ ಬಂದ್ರು. ದಿನದ ದುಡಿಮೆಯ ಗಂಟೆ, ಗಣಿ ಹೆಂಗಸರ ಹೆರಿಗೆ ಸೌಲಭ್ಯ, ಕಾರ್ಮಿಕರ ಆರೋಗ್ಯ ವಿಮೆ, ಇವೆಲ್ಲ ಕಾನೂನಿನ ರೂಪ ಪಡೆಯೋಕೆ ಆ ನಾಲ್ಕು ವರ್ಷದ ಕೆಲಸ ದೊಡ್ಡದು. ಅವರು ಆ ಖಾತೆ ಬಿಟ್ಟ ಎರಡು ವರ್ಷಕ್ಕೆ, 1948ರಲ್ಲಿ ಕಾರ್ಖಾನೆ ಕಾಯ್ದೆ ಬಂತು.

ಆ ಕಾಯ್ದೆಯ ಕೊನೆಗೆ ಮೂರನೇ ಅನುಸೂಚಿ ಅಂತ ಒಂದು ಪಟ್ಟಿ ಇತ್ತು. ಕೆಲಸದಿಂದ ಬರೋ, ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿ. ಅದರಲ್ಲಿ 12ನೇ ನಂಬರ್ ಸಿಲಿಕೋಸಿಸ್. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನ ಸತ್ತ ಮೇಲೆ 1987ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಪಟ್ಟಿಯನ್ನು ಉದ್ದ ಮಾಡಿದ್ರು. ಆಗ ಕೊನೆಗೆ ಸೇರಿದ್ದು 29ನೇ ನಂಬರ್: ಟಾಕ್ಸಿಕ್ ನೆಫ್ರೈಟಿಸ್. ಅಂದ್ರೆ ವಿಷದಿಂದ ಬರುವ ಕಿಡ್ನಿಯ ಉರಿಯೂತ.

ಗಮನಿಸಿದ್ರಾ? ಕೆಲಸದ ಜಾಗದ ವಿಷ ಕಿಡ್ನಿಯನ್ನು ತಿನ್ನುತ್ತೆ ಅನ್ನೋದು ಈ ದೇಶದ ಕಾನೂನಿಗೆ 1987ರಿಂದಲೇ ಗೊತ್ತು. ಇನ್ನೊಂದು ವಿಷಯ. ಅದೇ ಕಾಯ್ದೆಯ 89ನೇ ಕಲಂ ಪ್ರಕಾರ, ಕಾರ್ಖಾನೆಯಲ್ಲಿ ದುಡೀತಿರೋ ಅಥವಾ ದುಡಿದಿದ್ದ ಮನುಷ್ಯನಿಗೆ ಈ ಪಟ್ಟಿಯ ಕಾಯಿಲೆ ಇದೆ ಅಂತ ಅನಿಸಿದ್ರೆ ಚಿಕಿತ್ಸೆ ಕೊಡೋ ಡಾಕ್ಟರ್ ತಡ ಮಾಡದೆ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಲಿಖಿತವಾಗಿ ತಿಳಿಸಬೇಕಿತ್ತು. ತಿಳಿಸದಿದ್ರೆ ಒಂದು ಸಾವಿರ ರೂಪಾಯಿವರೆಗೆ ದಂಡ ಇತ್ತು. ಕಿಡ್ನಿ ರೋಗಿಯ ಚೀಟಿಯಲ್ಲಿ "ಕೂಲಿ" ಅಂತ ಬರೆದು ಮುಗಿಸಿದ್ರೆ ಡಾಕ್ಟರಿಗೆ ಅನಿಸೋದಾದ್ರೂ ಹೇಗೆ?

ಎರಡನೇ ಬಾಗಿಲೂ ಇಕ್ಕಟ್ಟು. ಆ ಕಾಯ್ದೆಯಲ್ಲಿ ಈ ಪಟ್ಟಿ "ಕಾರ್ಖಾನೆ"ಗೆ ಸೇರಿದ್ದಾಗಿತ್ತು. 1948ರ ಕಾಯ್ದೆಯಲ್ಲಿ ಕಾರ್ಖಾನೆ ಅಂದ್ರೆ ಕರೆಂಟ್ ಬಳಸಿದ್ರೆ 10 ಜನ, ಬಳಸದಿದ್ರೆ 20 ಜನ ಇರಬೇಕಿತ್ತು. 2020ರಲ್ಲಿ ಪಾಸಾದ ಹೊಸ ಕಾರ್ಮಿಕ ಸಂಹಿತೆ ಅದನ್ನು 20 ಮತ್ತು 40 ಮಾಡಿತು. ಪಟ್ಟಿ ಹಾಗೇ ಉಳೀತು, ಕಾರ್ಖಾನೆ ಅನ್ನೋ ಲೆಕ್ಕಕ್ಕೆ ಬರೋ ಜಾಗಗಳು ಕಮ್ಮಿಯಾದ್ವು. ಎಂಟು ಜನ ದುಡಿಯೋ ಜಲ್ಲಿ ಕ್ರಷರ್, ಮೇಸ್ತ್ರಿ ಕೆಳಗೆ ಗುಂಪಾಗಿ ಹೋಗೋ ಇಟ್ಟಿಗೆ ಭಟ್ಟಿ, ತೋಟದ ಮೂಲೆಯ ಅಡಿಕೆ ಒಲೆ, ಇವರೆಲ್ಲ ಆ ಬಾಗಿಲ ಹೊರಗೆ. ದೇವಸ್ಥಾನದ ಹೊರಗೆ ನಿಲ್ಲಿಸಿದ್ದವರನ್ನೇ ಕಾನೂನಿನ ಹೊರಗೂ ನಿಲ್ಲಿಸಿದ್ದಾರೆ.

*

ಇವತ್ತು ನಮ್ಮ ಮೂರು ತಾಲೂಕಿನಲ್ಲಿ ಧೂಳು, ಹೊಗೆ ಯಾರ ಪಾಲಿಗೆ ಬಂದಿದೆ ನೋಡಿ.

ಕಲ್ಲು ಕ್ವಾರಿ, ಕ್ರಷರ್. ಮನೆ ಕಟ್ಟೋರಿಗೆ, ಹೈವೇ ಮಾಡೋರಿಗೆ ಜಲ್ಲಿ ಬೇಕು, ಎಂ-ಸ್ಯಾಂಡ್ ಬೇಕು. 2011ರಲ್ಲಿ ಕರ್ನಾಟಕ ಸರ್ಕಾರ ಕ್ರಷರ್‌ಗಳಿಗೆ ಪ್ರತ್ಯೇಕ ಕಾಯ್ದೆ ಮಾಡಿ "ಸುರಕ್ಷಿತ ವಲಯ" ಗುರುತಿಸೋಕೆ ಹೊರಟಿತು. ಒಳ್ಳೇದೇ. ಊರಿಗೆ ಕ್ರಷರ್ ಎಷ್ಟು ದೂರ ಇರಬೇಕು ಅಂತ ಅಳೀತಾರೆ. ಕ್ರಷರ್ ಬಾಯಿಗೆ ಕಲ್ಲು ತುಂಬೋನು ಎಷ್ಟು ದೂರ ನಿಂತಿದ್ದಾನೆ? ಅವನಿಗೆ ಸುರಕ್ಷಿತ ವಲಯ ಯಾವುದು? ಬಾಯಿಗೆ ಕಟ್ಟಿಕೊಂಡ ಟವೆಲ್ಲು. ಟವೆಲ್ಲು ಕಣ್ಣಿಗೆ ಕಾಣೋ ಧೂಳನ್ನು ತಡೆಯುತ್ತೆ. ಕೊಲ್ಲೋದು ಕಾಣದ ಧೂಳು.

ಅಡಿಕೆ ಕೊಯ್ಲು. ತರೀಕೆರೆ, ಅಜ್ಜಂಪುರ ಕಡೆ ಹಸ ಅಡಿಕೆ ಸುಲಿದು, ದೊಡ್ಡ ಹಂಡೆಯಲ್ಲಿ ಚೊಗರು ಹಾಕಿ ಬೇಯಿಸ್ತಾರೆ. ಒಲೆಗೆ ಸೌದೆ, ಸಿಪ್ಪೆ, ಸಿಕ್ಕಿದ್ದೆಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನಿಂದ ರಾತ್ರಿವರೆಗೆ ಆ ಒಲೆ ಮುಂದೆ ಕೂರೋರು, ಸುಲಿಯೋ ಹೆಂಗಸರು, ಬಹಳ ಕಡೆ ನಮ್ಮವರೇ. ಕ್ವಿಂಟಲ್ ರೇಟು ದಿನಾ ಪೇಪರಲ್ಲಿ ಬರುತ್ತೆ.

ಪೌರಕಾರ್ಮಿಕರು. ಕಸಕ್ಕೆ ಬೆಂಕಿ ಹಾಕಬಾರದು ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಆದ್ರೂ ಕಸದ ರಾಶಿ ಹೊಗೆಯಾಡ್ತಾನೇ ಇರುತ್ತೆ. ಪ್ಲಾಸ್ಟಿಕ್, ಬಣ್ಣ, ಬ್ಯಾಟರಿ ಎಲ್ಲ ಒಟ್ಟಿಗೆ ಸುಟ್ಟ ಹೊಗೆಯಲ್ಲಿ ನಾನು ಮೇಲೆ ಹೇಳಿದ ಸೀಸ, ಕ್ಯಾಡ್ಮಿಯಂ ಇರುತ್ತೆ.

ಕೊನೆಗೆ ನಮ್ಮ ಅವ್ವಂದಿರ ಒಲೆ. ಇದಕ್ಕೂ ಕರ್ನಾಟಕದಲ್ಲೇ ಒಂದು ಒಳ್ಳೇ ಇತಿಹಾಸ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಅನ್ನೋ ಕೇಂದ್ರ ಶುರು ಮಾಡಿದ್ರು. 1980ರ ದಶಕದಲ್ಲಿ ಅಲ್ಲಿಂದ ಅಸ್ತ್ರ ಒಲೆ ಬಂತು. ಸೌದೆ ಕಮ್ಮಿ, ಹೊಗೆ ಚಿಮಣಿ ಮೂಲಕ ಹೊರಗೆ. ನಿಮ್ಮ ಅಜ್ಜಿ ಮನೆಯಲ್ಲೂ ಇದ್ದಿರಬಹುದು. 2016ರಲ್ಲಿ ಉಜ್ವಲ ಬಂತು, ಸಿಲಿಂಡರ್ ಮನೆಗೆ ಬಂತು. ಅದು ಖಾಲಿಯಾದ ಮೇಲೆ ತುಂಬಿಸೋಕೆ ದುಡ್ಡಿಲ್ಲದ ಮನೆಯಲ್ಲಿ ಅವ್ವ ಮತ್ತೆ ಊದುಕೊಳವೆ ಹಿಡೀತಾಳೆ. ಒಲೆ ಹೊಗೆಯಲ್ಲಿ ಇರೋದೂ ಅದೇ ಪಿಎಂ 2.5.

ಸರ್ಕಾರದ ಮಿತಿ ಎಷ್ಟು ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು, ಪಿಎಂ 2.5 ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು. ಭಾರತ 2009ರಲ್ಲಿ ಇಟ್ಟುಕೊಂಡ ಮಿತಿ 40. ಎಂಟು ಪಟ್ಟು. ಅದೂ ಬಯಲಿನ ಗಾಳಿಗೆ. ಒಲೆ ಮುಂದಿನ ಗಾಳಿ, ಕ್ರಷರ್ ಬಾಯಿಯ ಗಾಳಿ ಈ ಲೆಕ್ಕಕ್ಕೇ ಬರಲ್ಲ.

*

ಒಂದು ಎಚ್ಚರಿಕೆ. ಕಿಡ್ನಿ ಹೋದವರೆಲ್ಲರದ್ದೂ ಧೂಳಿನಿಂದಲೇ ಅಂತ ನಾನು ಹೇಳ್ತಿಲ್ಲ, ನೀವೂ ಹೇಳಬೇಡಿ. ಶುಗರ್, ಬಿಪಿ ದೊಡ್ಡ ಕಾರಣಗಳು. ಬಿಸಿಲಲ್ಲಿ ನೀರಿಲ್ಲದೆ ದುಡಿಯೋದು ಒಂದು ಕಾರಣ. ಇನ್ನೊಂದು ನಮ್ಮ ಜೇಬಿನಲ್ಲೇ ಇರುತ್ತೆ: ಮೈಕೈ ನೋವಿನ ಮಾತ್ರೆ. ದಿನಾ ಸಂಜೆ ಅಂಗಡಿಯಿಂದ ತಗೊಂಡು ನುಂಗೋ ಆ ನೋವಿನ ಮಾತ್ರೆಗಳು ವರ್ಷಗಟ್ಟಲೆ ನುಂಗಿದ್ರೆ ಕಿಡ್ನಿಗೆ ಕೆಟ್ಟದ್ದು. ಆದ್ರೆ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಧೂಳು, ಬಿಸಿಲು, ನೀರಡಿಕೆ, ಮೈನೋವು, ಮಾತ್ರೆ. ಎಲ್ಲವೂ ಒಬ್ಬನ ಮೈಮೇಲೇ ಯಾಕೆ ಬೀಳ್ತವೆ? ಅವನು ಮಾಡೋ ಕೆಲಸದಿಂದ. ಆ ಕೆಲಸ ಅವನಿಗೇ ಯಾಕೆ ಬಂತು? ಅದಕ್ಕೆ ಉತ್ತರ ಯಾವ ಲ್ಯಾಬಿನಲ್ಲೂ ಸಿಗಲ್ಲ, ಊರಿನ ನಕ್ಷೆಯಲ್ಲಿ ಸಿಗುತ್ತೆ.

ಕಿಡ್ನಿಯ ಇನ್ನೊಂದು ಗುಣ ತಿಳ್ಕೊಳ್ಳಿ. ಅದು ದೂರು ಹೇಳಲ್ಲ. ಅರ್ಧಕ್ಕಿಂತ ಹೆಚ್ಚು ಹಾಳಾಗೋವರೆಗೂ ನೋವಿಲ್ಲ, ಬಾವು ಇಲ್ಲ. ಕ್ರಿಯಾಟಿನಿನ್ ಏರೋ ಹೊತ್ತಿಗೆ ಬಹಳ ತಡವಾಗಿರುತ್ತೆ. ಮೂತ್ರದಲ್ಲಿ ಅಲ್ಬುಮಿನ್ ಸೋರ್ತಿದೆಯಾ ಅನ್ನೋ ಪರೀಕ್ಷೆ ಬಹಳ ಮುಂಚೆಯೇ ಸುಳಿವು ಕೊಡುತ್ತೆ. ದುಬಾರಿ ಪರೀಕ್ಷೆ ಅಲ್ಲ ಅದು.

ಹಾಗಾಗಿ ನಾವು ಏನು ಮಾಡಬೇಕು?

ಒಂದು. ಪ್ರತೀ ಕೇರಿಯಲ್ಲೂ ಕೆಲಸದ ಪುಸ್ತಕ ಇಡಿ. ಇನ್ನೂರು ಪುಟದ ನೋಟ್‌ಬುಕ್ ಸಾಕು. ಯಾರು, ಎಲ್ಲಿ, ಏನು ಕೆಲಸ, ಯಾವ ವರ್ಷದಿಂದ ಯಾವ ವರ್ಷದವರೆಗೆ. ಓದಿರೋ ಹುಡುಗ ಹುಡುಗಿಯರು ಹಿರಿಯರ ಹತ್ರ ಕೂತು ಬರ್ಕೊಳ್ಳಿ. ತಣಿಗೆಬೈಲಿನಲ್ಲಿ ಅದಿರು ತುಂಬಿದವರ, ಭದ್ರಾವತಿ ಕುಲುಮೆ ಮುಂದೆ ನಿಂತವರ ಮಕ್ಕಳು ಇನ್ನೂ ಇದ್ದಾರೆ. ನಮ್ಮ ಇತಿಹಾಸವೂ ಇದೇ, ನಾಳೆ ಪರಿಹಾರ ಕೇಳುವಾಗ ಸಾಕ್ಷಿಯೂ ಇದೇ.

ಎರಡು. ಆಸ್ಪತ್ರೆಗೆ ಹೋದಾಗ ಡಾಕ್ಟರ್ ಕೇಳದಿದ್ರೂ ನೀವೇ ಹೇಳಿ. "ಸಾರ್, ಇವರು ಹದಿನೈದು ವರ್ಷ ಕ್ರಷರಲ್ಲಿ ದುಡಿದವರು, ಬರ್ಕೊಳ್ಳಿ." ಚೀಟಿಯಲ್ಲಿ ಬರೋವರೆಗೂ ಬಿಡಬೇಡಿ. ಜಗಳ ಬೇಡ, ಮರ್ಯಾದೆಯಿಂದಲೇ ಹೇಳಿ.

ಮೂರು. ಧೂಳು ಹೊಗೆಯಲ್ಲಿ ದುಡಿಯೋ ಎಲ್ಲರಿಗೂ ವರ್ಷಕ್ಕೊಂದು ಸಲ ಬಿಪಿ, ಮೂತ್ರದ ಅಲ್ಬುಮಿನ್, ಕ್ರಿಯಾಟಿನಿನ್ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾಡಿ ಅಂತ ಒಟ್ಟಾಗಿ ಅರ್ಜಿ ಕೊಡೋಣ.

ನಾಲ್ಕು. ಸರ್ಕಾರಕ್ಕೆ ನಮ್ಮ ದೊಡ್ಡ ಬೇಡಿಕೆ ಎರಡು ಪಟ್ಟಿ. ಒಂದು ಕಡೆ ಕೆಜಿಎಫ್, ಭದ್ರಾವತಿ, ಕೆಮ್ಮಣ್ಣುಗುಂಡಿ, ಕ್ವಾರಿಗಳ ಕಾರ್ಮಿಕರ ದಾಖಲೆ. ಇನ್ನೊಂದು ಕಡೆ ಸರ್ಕಾರಿ ಡಯಾಲಿಸಿಸ್ ಕೇಂದ್ರಗಳ ದಾಖಲೆ. 2016ರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಎರಡನೇ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ. ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಬೆಂಗಳೂರಿನಲ್ಲೇ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಕೇಂದ್ರ ಇದೆ, ಅವರಿಗೆ ಕೊಡಿ ಆ ಕೆಲಸ.

ಐದು. ರಾಜಸ್ಥಾನ 2019ರಲ್ಲಿ ಧೂಳಿನ ಶ್ವಾಸಕೋಶ ಕಾಯಿಲೆಗೆ ಒಂದು ನೀತಿ ತಂದಿತು. ಪ್ರಮಾಣಪತ್ರ ಸಿಕ್ಕಿದವರಿಗೆ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ. ಅಲ್ಲಿನ ಕಲ್ಲುಗಣಿ ಕಾರ್ಮಿಕರು, ಅವರ ವಿಧವೆಯರು ವರ್ಷಗಟ್ಟಲೆ ಹೋರಾಡಿ ಗಳಿಸಿದ್ದು ಅದು. ಕರ್ನಾಟಕಕ್ಕೂ ಅಂಥ ನೀತಿ ಬೇಕು, ಅದರಲ್ಲಿ ಕಿಡ್ನಿಯೂ ಸೇರಬೇಕು, ಹತ್ತು ಜನ ಇರಲಿ ಒಬ್ಬನೇ ಇರಲಿ, ದುಡಿದವನಿಗೆಲ್ಲ ಅನ್ವಯಿಸಬೇಕು.

ಬಂಧುಗಳೇ, ಹೊಗೆಯನ್ನು ತಣಿಸಿ ಸ್ಪಿರಿಟ್ಟು ಮಾಡಿ ಲೆಕ್ಕ ಬರೆದ ಸೀಮೆ ನಮ್ಮದು. ಅಷ್ಟು ಲೆಕ್ಕ ಗೊತ್ತಿದ್ದವರಿಗೆ ಮನುಷ್ಯರ ಲೆಕ್ಕ ಇಡೋಕೆ ಬರ್ತಿರಲಿಲ್ಲ ಅಂತ ನಂಬೋಕಾಗಲ್ಲ. ಇಟ್ಟಿಲ್ಲ, ಅಷ್ಟೇ. ಅವರು ಇಡದ ಲೆಕ್ಕವನ್ನು ಈಗ ನಾವೇ ಬರೆಯೋಣ. ಕಾಮೆಂಟಿನಲ್ಲಿ ಜೈಭೀಮ್ ಹಾಕೋದ್ರ ಜೊತೆಗೆ ನಿಮ್ಮ ಅಪ್ಪ, ಅವ್ವ, ಅಜ್ಜ ಏನು ಕೆಲಸ ಮಾಡಿದ್ರು, ಎಷ್ಟು ವರ್ಷ ಮಾಡಿದ್ರು ಅಂತ ಒಂದು ಸಾಲು ಬರೀರಿ. "ಕೂಲಿ" ಅಂತ ಮಾತ್ರ ಬರೀಬೇಡಿ.

ಜೈಭೀಮ್.